ಕಡಮತ್ ದ್ವೀಪಕ್ಕೆ ಹೋಗಿಬಂದ ಬಗೆ

ಕಡಲ ನಡುವಿನ ದ್ವೀಪವೊಂದರಲ್ಲಿ ಕೆಲವು ದಿನ ಕಳೆಯಬೇಕೆಂದು ನಿಶ್ಚಯಿಸಿದಾಗ ನಾನು ಲಕ್ಷದ್ವೀಪದ ಕಡಮತ್ತನ್ನೇ ಆರಿಸಿದ್ದಕ್ಕೆ ಕಾರಣ ನಮ್ಮ ಜಿಲ್ಲೆಯ ಚರಿತ್ರೆ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳೂ ನಮ್ಮ ಕಾಸರಗೋಡು ತಾಲೂಕೂ ಒಂದು ಕಾಲದಲ್ಲಿ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳದ ಪಾಲಾಯಿತು, ಆ ದ್ವೀಪಗಳು ಕೇಂದ್ರಾಡಳಿತ ಪ್ರದೇಶವಾದವು. ನೆರೆಮನೆಯವರಾಗಿದ್ದವರ ಊರಿಗೆ ಹೋಗುವ ಭಾವನೆಯಿಂದಲೇ ನಾನು ಸಿದ್ಧತೆ ಆರಂಭಿಸಿದೆ.

ಮೊದಲ ಕೆಲಸ ಪರವಾನಗಿ. 1967ರ ನಿಯಮದಂತೆ ದ್ವೀಪದವರಲ್ಲದವರು ಅಪ್ಪಣೆಯಿಲ್ಲದೆ ಅಲ್ಲಿಗೆ ಕಾಲಿಡುವಂತಿಲ್ಲ. ಊರಿನ ಪೊಲೀಸ್ ಠಾಣೆಯಿಂದ ಕ್ಲಿಯರೆನ್ಸ್ ಸರ್ಟಿಫಿಕೇಟ್ ಪಡೆದು, ಗುರುತಿನ ಚೀಟಿಯ ಪ್ರತಿಗಳೊಂದಿಗೆ ಅರ್ಜಿ ಸಲ್ಲಿಸಿದೆ. ವಸತಿಯನ್ನು ಆಡಳಿತದ ಪ್ರವಾಸ ಸಂಸ್ಥೆಯಾದ ‘ಸ್ಪೋರ್ಟ್ಸ್’ ಮೂಲಕ ಗೊತ್ತುಮಾಡಿಕೊಂಡೆ. ಇದನ್ನು ಕಿರಿಕಿರಿ ಎನ್ನುವವರಿದ್ದಾರೆ. ಆದರೆ ಜನವಸತಿಯಿರುವ ಹತ್ತು ದ್ವೀಪಗಳನ್ನೂ ನಿರ್ಜನ ದ್ವೀಪಗಳನ್ನೂ ಕೂಡಿಸಿದರೂ ಸುಮಾರು 32 ಚದರ ಕಿಲೋಮೀಟರ್ ಮಾತ್ರ ನೆಲವಿರುವ ನಾಡು ತನ್ನ ಬಾಗಿಲಲ್ಲಿ ನಿಂತು ವಿಚಾರಿಸುವುದು ಸರಿಯೆಂದೇ ನಾನು ಭಾವಿಸುತ್ತೇನೆ.

ರೈಲಿನಲ್ಲಿ ಎರ್ನಾಕುಳಂ ತಲುಪಿ, ಕೊಚ್ಚಿಯ ವಿಲಿಂಗ್ಡನ್ ದ್ವೀಪದಿಂದ ಹಡಗು ಹತ್ತಿದೆ. ಕಡಮತ್ ಅಲ್ಲಿಂದ ಸುಮಾರು 400 ಕಿಲೋಮೀಟರ್ ದೂರ. ವಿಮಾನದಲ್ಲಿ ಲಕ್ಷದ್ವೀಪದ್ದೇ ಆದ ಅಗತ್ತಿ ದ್ವೀಪಕ್ಕೆ ಹೋಗಿ ಅಲ್ಲಿಂದ ದೋಣಿ ಹಿಡಿಯುವ ದಾರಿಯೂ ಇದೆ. ಕಡಲಿನ ವಿಸ್ತಾರ ಮೈಗೆ ತಿಳಿಯಬೇಕಾದರೆ ಹಡಗೇ ಲೇಸು. ದೊಡ್ಡ ಹಡಗು ಹವಳದ ದಿಬ್ಬದ ಹೊರಗೇ ನಿಲ್ಲುತ್ತದೆ. ಅದರ ಪಕ್ಕದ ಬಾಗಿಲಿನಿಂದ ಸಣ್ಣ ದೋಣಿಗೆ ಇಳಿಯುವಾಗ, ಅಲೆ ದೋಣಿಯನ್ನು ಮೇಲಕ್ಕೆತ್ತಿದ ಕ್ಷಣದಲ್ಲೇ ಕೈಚಾಚಿ ಹೆಜ್ಜೆಯಿಡಬೇಕು, ಹೆಗಲಲ್ಲಿ ಭಾರವಿರಬಾರದು. ಎರಡೂ ಕೈ ಖಾಲಿಯಿರಲೆಂದು ನಾನು ಸಾಮಾನನ್ನೆಲ್ಲ ಬೆನ್ನಚೀಲಕ್ಕೆ ತುಂಬಿ ಮೊದಲೇ ನಾವಿಕರ ಕೈಗೆ ಕೊಟ್ಟಿದ್ದೆ.

ಸುಮಾರು 9 ಕಿಲೋಮೀಟರ್ ಉದ್ದವಿರುವ ಈ ದ್ವೀಪ ಅತಿ ಅಗಲವಾದ ಕಡೆಯಲ್ಲೂ ಅರ್ಧ ಕಿಲೋಮೀಟರಿಗಿಂತ ತುಸುವೇ ಹೆಚ್ಚು. ಪಶ್ಚಿಮಕ್ಕೆ ಹವಳದ ದಿಬ್ಬ ಅಲೆಗಳನ್ನು ದೂರದಲ್ಲೇ ತಡೆಯುವುದರಿಂದ ದಿಬ್ಬಕ್ಕೂ ದಂಡೆಗೂ ನಡುವಿನ ಆಳವಿಲ್ಲದ ನೀರು, ಅಂದರೆ ಲಗೂನು, ಕೆರೆಯಂತೆ ಶಾಂತವಾಗಿರುತ್ತದೆ. ಇಲ್ಲಿನ ಹೊಯಿಗೆಯನ್ನು, ಎಂದರೆ ಮರಳನ್ನು, ಅಂಗೈಯಲ್ಲಿ ಹಾಕಿಕೊಂಡು ಹತ್ತಿರದಿಂದ ನೋಡಿದೆ. ನಮ್ಮ ಚಂದ್ರಗಿರಿ ಹೊಳೆ ಕಡಲಿಗೆ ತರುವುದು ಬೆಟ್ಟದ ಕಲ್ಲು ಸವೆದ ಕಣ. ಇಲ್ಲಿಯದು ಹವಳದ ಚೂರು, ಚಿಪ್ಪಿನ ತುಂಡು, ಕಡಲಜೀವಿಗಳ ಸೂಜಿಯಷ್ಟು ಸಣ್ಣ ಮುಳ್ಳುಗಳ ಪುಡಿ. ಊಟದ ತಟ್ಟೆಯಲ್ಲಿ ಉಳಿದಿದ್ದ ನಿಂಬೆಯ ಹೋಳನ್ನು ಅದರ ಮೇಲೆ ಹಿಂಡಿದಾಗ ಸಣ್ಣ ಗುಳ್ಳೆಗಳೆದ್ದವು. ನಮ್ಮಲ್ಲಿ ಮರುವಾಯಿ ಎಂಬ ಕಪ್ಪೆಚಿಪ್ಪಿನ ಜೀವಿಯ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರಲ್ಲ, ಆ ಸುಣ್ಣಕ್ಕೆ ಮೂಲವಾದ ವಸ್ತುವೇ ಈ ಬಿಳಿ ದಂಡೆ. ಗಿಳಿಮೀನುಗಳು ಹವಳವನ್ನು ಗಟ್ಟಿ ಬಾಯಿಂದ ಕೆರೆದು ತಿಂದು ಹೊರಹಾಕುವ ಪುಡಿಯೂ ಇದರಲ್ಲಿ ಸೇರುತ್ತದೆ. ಹವಳ ಜೀವಂತವಾಗಿದ್ದರೆ ದಂಡೆಗೆ ಹೊಸ ಹೊಯಿಗೆ ಸಿಗುತ್ತಲೇ ಇರುತ್ತದೆ. 1998, 2010 ಮತ್ತು 2016ರಲ್ಲಿ ಕಡಲು ಅತಿಯಾಗಿ ಕಾದು ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡು ಸೊರಗಿದವೆಂಬುದನ್ನು ನೆನೆದರೆ, ಪ್ರವಾಸಿ ಪಾದದಿಂದ ಅದನ್ನು ಮುರಿಯುವುದು ಅಕ್ಷಮ್ಯ.

ಆದ್ದರಿಂದ ನೀರಿಗೆ ಇಳಿಯಲು ಭರತ-ಇಳಿತಗಳ ಹೊತ್ತನ್ನು ದೋಣಿಯವರಲ್ಲಿ ಕೇಳಿ ತಿಳಿದುಕೊಂಡೆ. ನೀರು ಇಳಿದಾಗ ಹವಳದ ತುದಿಗಳು ಹೊಟ್ಟೆಗೆ ತಾಗುವಷ್ಟು ಹತ್ತಿರವಿರುತ್ತವೆ; ಭರತದಲ್ಲಿ ಅವುಗಳ ಮೇಲೆ ತೇಲಿ ಹೋಗಬಹುದು. ಮುಖಕ್ಕೆ ಕನ್ನಡಕ, ಬಾಯಿಗೆ ಕೊಳವೆ, ಬಿಸಿಲಿಗೆ ಉದ್ದ ತೋಳಿನ ಬಟ್ಟೆ ಸಾಕು. ನಿಲ್ಲಬೇಕೆನಿಸಿದರೆ ಬರೀ ಹೊಯಿಗೆಯಿರುವ ಜಾಗ ಹುಡುಕಿ ನಿಲ್ಲುತ್ತಿದ್ದೆ. ಕಡಲಹುಲ್ಲಿನ ನಡುವೆ ಹಸಿರು ಕಡಲಾಮೆಯೊಂದು ಮೇಯುತ್ತಿದ್ದುದನ್ನು ಕಂಡಾಗ ಅದರ ಹಿಂದೆ ಈಜದೆ ದೂರದಲ್ಲೇ ತೇಲುತ್ತ ನಿಂತೆ. ಅದು ಉಸಿರಿಗಾಗಿ ತಲೆಯೆತ್ತಿ ಮತ್ತೆ ಹುಲ್ಲಿಗೇ ಮರಳಿತು. ದಂಡೆಯಲ್ಲಿ ಬಿದ್ದ ಹವಳದ ತುಂಡನ್ನೂ ತರುವಂತಿಲ್ಲ, ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ನಿಷೇಧಿಸುತ್ತದೆ.

ದ್ವೀಪದವರ ಮಾತು ಮಲಯಾಳದ ಒಂದು ರೂಪವಾದ ಜೆಸರಿ. ಮಲಯಾಳ ಬಲ್ಲ ಕಾಸರಗೋಡಿನವರಿಗೆ ಸ್ವಲ್ಪ ಕಿವಿಗೊಟ್ಟರೆ ಅರ್ಥವಾಗುತ್ತದೆ. ಹುರಿಹಗ್ಗ ಹೊಸೆಯುತ್ತಿದ್ದ ಹಿರಿಯರೊಬ್ಬರು, ನಾನು ಮಂಗಳೂರಿನ ಆಚೀಚೆಯವನೆಂದು ತಿಳಿದೊಡನೆ ಕುಳಿತುಕೊಳ್ಳಲು ಹೇಳಿದರು. ಅವರ ತಂದೆಯ ಕಾಲದಲ್ಲಿ ಓಡಗಳೆಂಬ ಹಾಯಿದೋಣಿಗಳಲ್ಲಿ ನಾರು, ತೆಂಗಿನಕಾಯಿ ತುಂಬಿ ಮಂಗಳೂರಿನ ಬಂದರಿಗೆ ಹೋಗಿ, ಅಕ್ಕಿ ಕೊಂಡು ಮರಳುತ್ತಿದ್ದರಂತೆ. ಈಗಲೂ ಮಂಗಳೂರಿನ ಹಳೆ ಬಂದರಿನಿಂದ ಮಂಜಿಗಳೆಂಬ ಸರಕು ಹಡಗುಗಳಲ್ಲಿ ದಿನಸಿ, ತರಕಾರಿ, ಕಟ್ಟಡದ ಸಾಮಗ್ರಿ ದ್ವೀಪಗಳಿಗೆ ಬರುತ್ತವೆ. ಟಿಪ್ಪುವಿನ ಆಡಳಿತ ಕಡಮತ್ ಸೇರಿದ ಅಮೀನಿ ದ್ವೀಪಗಳವರೆಗೂ ಹಬ್ಬಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಬ್ರಿಟಿಷರ ಕೈಸೇರಿದವು.

ಇಲ್ಲಿ ಹೊಳೆಯಿಲ್ಲ. ಮಳೆನೀರು ಹೊಯಿಗೆಯಲ್ಲಿ ಇಂಗಿ, ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಲ್ಲುತ್ತದೆ; ಬಾವಿಯಿಂದ ಹೆಚ್ಚು ಸೇದಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಹಾಗಾಗಿ ಕಡಲಿನಿಂದ ಬಂದ ಮೇಲೆ ನಾನು ಅರ್ಧ ಬಕೆಟ್ ನೀರಿನಲ್ಲೇ ಮೈತೊಳೆಯುತ್ತಿದ್ದೆ. ಪ್ಲಾಸ್ಟಿಕ್ ಪೊಟ್ಟಣಗಳನ್ನೆಲ್ಲ ಚೀಲದಲ್ಲಿ ಕಟ್ಟಿಟ್ಟು ಊರಿಗೇ ತಂದೆ. ಮದ್ಯ ನಿಷಿದ್ಧ, ಮತ್ತು ಊರಿನೊಳಗೆ ಈಜುಡುಗೆಯಲ್ಲಿ ಓಡಾಡುವುದು ಅವರಿಗೆ ಹಿಡಿಸದು.

ಹೋಗುವುದಾದರೆ ಅಕ್ಟೋಬರಿನಿಂದ ಏಪ್ರಿಲ್‌ವರೆಗಿನ ಅವಧಿಯನ್ನು ಆರಿಸಿಕೊಳ್ಳಿ. ಮಳೆಗಾಲದಲ್ಲಿ ಕಡಲು ಏರುವುದರಿಂದ ಹಡಗಿನಿಂದ ದೋಣಿಗೆ ಇಳಿಯುವುದೇ ಕಷ್ಟ. ಹಡಗಿನ ವೇಳಾಪಟ್ಟಿ ಹವೆಗೆ ತಕ್ಕಂತೆ ಬದಲಾಗುವುದರಿಂದ, ಕೊಚ್ಚಿಯಿಂದ ಕಾಸರಗೋಡಿಗೆ ಮರಳುವ ರೈಲಿನ ಟಿಕೆಟನ್ನು ಹಡಗು ತಲುಪುವ ದಿನಕ್ಕೇ ಕಾದಿರಿಸದೆ ಒಂದು ದಿನ ಬಿಟ್ಟು ಮಾಡಿಸುವುದು ಒಳ್ಳೆಯದು.