ಮೊದಲು ಚೀಟಿ, ಆಮೇಲೆ ಸ್ಲೈಡರ್: ಸಾಫ್ಟ್‌ವೇರ್‌ನಿಂದ ಫೋಟೋಗ್ರಫಿ ಕಲಿತ ನನ್ನ ಅನುಭವ

"ಸಾಫ್ಟ್‌ವೇರ್ ಹಾಕ್ಕೊಂಡು ಕೂತ್ರೆ ಫೋಟೋಗ್ರಫಿ ಬರಲ್ಲ, ಹೊರಗೆ ಹೋಗಿ ತೆಗೀಬೇಕು" ಎಂದು ಗೆಳೆಯರೆಲ್ಲ ಹೇಳಿದ್ದರು. ಈಗ ಅವರಲ್ಲೇ ಇಬ್ಬರು ನನ್ನ ಅಭ್ಯಾಸದ ಚೀಟಿಗಳನ್ನು ಕೇಳುತ್ತಿದ್ದಾರೆ.

ಮೊದಲ ಸಲ ಸೋತೆ. ಫೋಟೋಗ್ರಫಿ ಕಲಿಸುವ, 40 ಚಿಲ್ಲರೆ ಪಾಠಗಳಿದ್ದ ಸಾಫ್ಟ್‌ವೇರ್ ಪ್ಯಾಕೇಜನ್ನು ಎರಡೇ ವಾರದಲ್ಲಿ ನೋಡಿ ಮುಗಿಸಿದ್ದೆ. ಕೊನೆಯ ಪ್ರಶ್ನೆಗಳಲ್ಲಿ 10ಕ್ಕೆ 9 ಬರುತ್ತಿತ್ತು. ಕ್ಯಾಮೆರಾ ಕೈಗೆ ಬಂದರೆ ಮಾತ್ರ ಮತ್ತೆ ಆಟೋ ಮೋಡ್. ಲೆನ್ಸ್ ಸರಿಯಿಲ್ಲ ಅಂದುಕೊಂಡು 50 ಎಂಎಂ ಎಫ್/1.8 ಕೊಂಡೆ. ಆಮೇಲೆ ಇನ್ನೊಂದು ಪ್ಯಾಕೇಜಿಗೆ ವರ್ಷದ ಚಂದಾ ಕಟ್ಟಿದೆ. ಅದನ್ನು ನಾಲ್ಕು ತಿಂಗಳು ತೆರೆದೂ ನೋಡಲಿಲ್ಲ. ಎಲ್ಲ ಸೇರಿ ಕ್ಯಾಮೆರಾ ಬಾಡಿಯ ಅರ್ಧ ಬೆಲೆಯಷ್ಟು ಹೋಯಿತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ದಾರಿ ಸಿಕ್ಕಿದ್ದು, ತೆರೆಯ ಮೇಲೆ ಕ್ಯಾಮೆರಾ ಸೆಟ್ಟಿಂಗ್ ಬದಲಿಸಿ ನೋಡುವ ಮೊದಲ ಪ್ಯಾಕೇಜಿನ ಸಿಮ್ಯುಲೇಟರ್‌ನಲ್ಲೇ. ಸ್ಲೈಡರ್ ಎಳೆದು ಸುಮ್ನೆ ನೋಡುವುದನ್ನು ಬಿಟ್ಟೆ. ಎಳೆಯುವ ಮೊದಲೇ ಊಹೆಯನ್ನು ಚೀಟಿಯಲ್ಲಿ ಬರೆದೆ. ಎಫ್/4 (ಲೆನ್ಸಿನ ಕಿಂಡಿ, ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು), 1/125 (ಶಟರ್ ತೆರೆದಿರುವ ಸಮಯ, ಸೆಕೆಂಡಿನಲ್ಲಿ) ಇದೆ. ಎಫ್/8ಕ್ಕೆ ಹೋದರೆ ಎರಡು ಸ್ಟಾಪ್ ಬೆಳಕು ಕಡಿಮೆ (ಒಂದು ಸ್ಟಾಪ್ ಕಡಿಮೆ ಅಂದರೆ ಬೆಳಕು ಅರ್ಧ), ಹಾಗಾದರೆ ಶಟರ್ 1/30. ಇದಾದ ಮೇಲೇ ಸ್ಲೈಡರ್. ಕೂಡಲೇ ಮೇಜಿನ ಮೇಲಿದ್ದ ಕ್ಯಾಮೆರಾದಲ್ಲೂ ಅದೇ ಬದಲಾವಣೆ ಮಾಡಿ ಎರಡು ಶಾಟ್ ತೆಗೆದು, ಹಿಸ್ಟೋಗ್ರಾಂ (ಫೋಟೋದ ಬೆಳಕು-ಕತ್ತಲೆಯ ನಕ್ಷೆ) ಪಕ್ಕಪಕ್ಕ ಇಟ್ಟು ನೋಡುತ್ತಿದ್ದೆ. ದಿನಕ್ಕೆ ಒಂದೇ ಪಾಠ, ಜಾಸ್ತಿ ಇಲ್ಲ.

ಮೊದಲ ವಾರ ಪೂರ್ತಿ ಹಾಳಾಯಿತು. ಶಟರ್ ಒಂದನ್ನೇ ತಿರುಗಿಸಿದರೂ ಎರಡು ಫೋಟೋನೂ ಒಂದೇ ಥರ! ಕೊನೆಗೆ ಎಕ್ಸಿಫ್ (ಫೋಟೋ ಜೊತೆ ಉಳಿಯುವ ಸೆಟ್ಟಿಂಗ್ ದಾಖಲೆ) ತೆರೆದು ನೋಡಿದರೆ ಆಟೋ ಐಎಸ್ಒ, ಅಂದರೆ ಬೆಳಕಿನ ಸಂವೇದನೆಯನ್ನು ಕ್ಯಾಮೆರಾ ತಾನೇ ಬದಲಿಸುವ ಸೆಟ್ಟಿಂಗ್, ಆನ್ ಇತ್ತು. ಶಟರ್‌ನಲ್ಲಿ ನಾನು ಕಳೆದದ್ದನ್ನೆಲ್ಲ ಅದು ಹಿಂದಿನಿಂದ ತುಂಬುತ್ತಿತ್ತು. ಅವತ್ತಿನಿಂದ ಎಕ್ಸಿಫ್ ನೋಡದೆ ಯಾವ ಶಾಟನ್ನೂ ಲೆಕ್ಕಕ್ಕೆ ತಗೊಂಡಿಲ್ಲ.

ಮಧ್ಯೆ ಇನ್ನೊಂದು ಪ್ರಯೋಗಕ್ಕೆ ಕೈ ಹಾಕಿದೆ. ಬಿಳಿ ಹಾಳೆ, ಕರಿ ಬಟ್ಟೆ, ಎರಡನ್ನೂ ಫ್ರೇಮ್ ತುಂಬ ಬರುವಂತೆ ಅಪರ್ಚರ್ ಪ್ರಯಾರಿಟಿಯಲ್ಲಿ (ಕಿಂಡಿ ನಾವು ಇಟ್ಟರೆ ಶಟರ್ ಕ್ಯಾಮೆರಾ ಆರಿಸುವ ಮೋಡ್) ತೆಗೆದೆ. ತೆರೆಯ ಮೇಲೆ ಎರಡೂ ಬೂದು. ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ಎಲ್ಲವನ್ನೂ ನಡುಬೂದಿಗೆ ಎಳೆಯುತ್ತದೆ ಅಂತ ಪಾಠದಲ್ಲಿ ಮೂರು ಸಲ ಕೇಳಿದ್ದೆ. ತಲೆಗೆ ಇಳಿದದ್ದು ಅವತ್ತು. ಮೀಟರ್ ಹೇಳಿದ್ದಕ್ಕಿಂತ ಹಾಳೆಗೆ +1.7 ಸ್ಟಾಪ್, ಬಟ್ಟೆಗೆ -1.7 ಸ್ಟಾಪಿನ ಆಸುಪಾಸು ಕೊಟ್ಟ ಮೇಲೆ ಹಾಳೆ ಬೆಳ್ಳಗೆ, ಬಟ್ಟೆ ಕಪ್ಪಗೆ ಬಂತು.

ಪ್ರಿಂಟ್‌ನಲ್ಲೂ ಒಂದು ಏಟು ತಿಂದೆ. ಮಾನಿಟರ್ ಬ್ರೈಟ್‌ನೆಸ್ 100ರಲ್ಲಿಟ್ಟು ಎಡಿಟ್ ಮಾಡಿದ್ದೆ. ಹಾಕಿಸಿದ ಡಜನ್ ಪ್ರಿಂಟೂ ಕತ್ತಲೆ ಕತ್ತಲೆ. ಈಗ 35ರ ಹತ್ತಿರ ಇಟ್ಟಿದ್ದೇನೆ.

ಮೂರೂವರೆ ತಿಂಗಳಲ್ಲಿ ಆರೇಳು ಸಾವಿರ ಶಾಟ್ ಆಗಿರಬೇಕು. ಮೊದಲು ನೂರಕ್ಕೆ ಎಂಟು ಹತ್ತು ಇಟ್ಟುಕೊಳ್ಳುವಂತಿದ್ದವು, ಈಗ ಮೂವತ್ತರ ಮೇಲೆ. ಮೀಟರ್ ನೋಡದೆ ಎಕ್ಸ್‌ಪೋಶರ್ ಹೇಳಿದರೆ ಬಹುತೇಕ ಒಂದು ಸ್ಟಾಪಿನೊಳಗೇ ಇರುತ್ತದೆ. ಗೆಳೆಯರ ಮುಂದೆಯೇ ಹೇಳಿ ತೋರಿಸಿದ್ದೇನೆ. ತಪ್ಪಿದ ಚೀಟಿಗಳನ್ನು ಯಾವ ಕ್ರಮದಲ್ಲಿ ಮತ್ತೆ ಎತ್ತಿಕೊಳ್ಳುತ್ತೇನೆ ಅನ್ನುವುದು ಮಾತ್ರ ಸದ್ಯ ನನ್ನ ಹತ್ತಿರವೇ ಇರಲಿ. ಈಗ ಫ್ಲ್ಯಾಶ್ ಪಾಠ ಶುರು ಮಾಡಿದ್ದೇನೆ. ಫ್ಲ್ಯಾಶಿನಿಂದ ದೂರ ಎರಡರಷ್ಟಾದರೆ ಬೆಳಕು ಎರಡು ಸ್ಟಾಪ್ ಕಡಿಮೆ ಅಂತ ಮೊದಲ ಚೀಟಿ ಬರೆದಾಗಿದೆ.