ಪುಟ್ಟ ಮರಗೆಲಸಕ್ಕೆ ಅಂಗೈಯಗಲದ ಹಲಗೆ

ಬೊಂಬೆಮನೆಯ ಕುರ್ಚಿಗೆ ಕಾಲು ಮಾಡಬೇಕು ಅಂದುಕೊಳ್ಳಿ. ಕಾಲಿನ ದಪ್ಪ 3 ಮಿ.ಮೀ. ದೊಡ್ಡ ವೈಸ್‌ಗೆ (ಮರವನ್ನು ಬಿಗಿಯಾಗಿ ಹಿಡಿಯುವ ಇಕ್ಕಳ) ಸಿಕ್ಕಿಸಿದರೆ ನಜ್ಜುಗುಜ್ಜಾಗುತ್ತದೆ, ಕೈಯಲ್ಲಿ ಹಿಡಿದು ಕೊಯ್ದರೆ ಓರೆಯಾಗುತ್ತದೆ. ಇಲ್ಲಿ ದುಬಾರಿ ಗರಗಸಕ್ಕಿಂತ ಕಡ್ಡಿಯನ್ನು ಅಲುಗದಂತೆ ಹಿಡಿಯುವ ಹಲಗೆ ಮುಖ್ಯ. ಅದನ್ನು ಚೂರುಪಾರು ಮರದಲ್ಲೇ ಮಾಡಬಹುದು.

12 ಮಿ.ಮೀ. ದಪ್ಪದ ಪ್ಲೈವುಡ್‌ನಲ್ಲಿ 150 ಮಿ.ಮೀ. ಉದ್ದ, 100 ಮಿ.ಮೀ. ಅಗಲದ ತುಂಡು ತೆಗೆದುಕೊಳ್ಳಿ. ಅದರ ಮೂಲೆಗಳು ನೇರವಾಗಿರಲಿ. ಜೊತೆಗೆ 100 ಮಿ.ಮೀ. ಉದ್ದದ ಎರಡು ರೀಪು ಬೇಕು. ಒಂದನ್ನು ನಿಮ್ಮ ಕಡೆಯ ಅಂಚಿಗೆ, ಹಲಗೆಯ ಅಡಿಯಲ್ಲಿ ಅಂಟಿಸಿ. ಇದು ಮೇಜಿನ ಅಂಚಿಗೆ ಕಚ್ಚಿಕೊಳ್ಳುತ್ತದೆ. ಇನ್ನೊಂದು ಆಚೆ ಅಂಚಿನಲ್ಲಿ, ಮೇಲ್ಭಾಗಕ್ಕೆ.

ಈ ಮೇಲಿನ ರೀಪಿಗೆ ಆತುರ ಬೇಡ. ಬಿಳಿ ಅಂಟು ಹಚ್ಚಿ, ಮೇಲೆ ನಾಲ್ಕೈದು ಹರಳು ಉಪ್ಪು ಉದುರಿಸಿ. ಆಗ ಒತ್ತಿದಾಗ ರೀಪು ಜಾರುವುದಿಲ್ಲ. ಶಾಲೆಯ ಸೆಟ್‌ಸ್ಕ್ವೇರ್ ಅನ್ನು ಹಲಗೆಯ ಪಕ್ಕಕ್ಕೆ ತಾಗಿಸಿ 90 ಡಿಗ್ರಿ ನೋಡಿ, ಭಾರ ಹೇರಿ ರಾತ್ರಿಯಿಡೀ ಬಿಡಿ. ಮೊಳೆ ಮಾತ್ರ ಬೇಡ, ಗರಗಸದ ಹಲ್ಲು ಹೋಗುತ್ತದೆ.

ಒಣಗಿದ ಮೇಲೆ ಈ ರೀಪಿನಲ್ಲಿ ನೇರಕ್ಕೊಂದು, 45 ಡಿಗ್ರಿಗೊಂದು ಸೀಳು ಕೊಯ್ಯಿರಿ. ಮುಂದೆ ಯಾವ ಬ್ಲೇಡ್ ಬಳಸುತ್ತೀರೋ ಅದರಲ್ಲೇ ಕೊಯ್ಯಬೇಕು. ಸೀಳು ಅಗಲವಾದರೆ ಬ್ಲೇಡ್ ಅಲ್ಲಾಡುತ್ತದೆ, ಆಮೇಲೆ ಇಷ್ಟೆಲ್ಲಾ ಮಾಡಿದ್ದು ಸುಮ್ನೆ.

ಬ್ಲೇಡ್‌ಗೆ ಅರ್ಧ ಮುರಿದ ಹ್ಯಾಕ್ಸಾ (ಲೋಹ ಕೊಯ್ಯುವ ಗರಗಸ) ಬ್ಲೇಡ್ ಧಾರಾಳ ಸಾಕು. ಹಿಡಿಯುವ ತುದಿಗೆ ದಪ್ಪವಾಗಿ ಟೇಪ್ ಸುತ್ತಿ. ಇಂಚಿಗೆ 32 ಹಲ್ಲಿನದನ್ನೇ ಆರಿಸಿ. ಕನಿಷ್ಠ ಮೂರು ಹಲ್ಲು ಏಕಕಾಲಕ್ಕೆ ಮರದ ಮೇಲಿರಬೇಕು. 32ರ ಬ್ಲೇಡ್‌ನಲ್ಲಿ ಹಲ್ಲಿಂದ ಹಲ್ಲಿಗೆ ಸುಮಾರು 0.8 ಮಿ.ಮೀ., ಹಾಗಾಗಿ 3 ಮಿ.ಮೀ. ಕಡ್ಡಿಗೂ ಸರಿ. 18 ಹಲ್ಲಿನದು ತಡೆದು ತಡೆದು ಕಡ್ಡಿಯನ್ನೇ ಸಿಗಿಯುತ್ತದೆ. ಹಲ್ಲಿನ ಮೊನೆ ಆಚೆ ಕಡೆಗಿರಲಿ. ತಳ್ಳಿದಾಗ ಕಡ್ಡಿ ತಾನಾಗಿ ರೀಪಿಗೆ ಒತ್ತಿಕೊಳ್ಳುತ್ತದೆ. ಎಳೆದು ಕೊಯ್ಯುವ ಗರಗಸ ಈ ಹಲಗೆಗೆ ಒಗ್ಗುವುದಿಲ್ಲ.

ಈಗ ಪರೀಕ್ಷೆ. ಒಂದು ಅಗಲ ಪಟ್ಟಿಯನ್ನು ನೇರ ಸೀಳಿನಲ್ಲಿ ಎರಡು ಮಾಡಿ. ಒಂದು ತುಂಡನ್ನು ಮಗುಚಿ, ಎರಡನ್ನೂ ಸ್ಕೇಲಿಗೆ ತಾಗಿಸಿ, ಕೊಯ್ದ ತುದಿಗಳನ್ನು ಕೂಡಿಸಿ. ನಡುವೆ ಬೆಳಕು ಕಂಡರೆ ತಪ್ಪು ಅದರ ಅರ್ಧದಷ್ಟು. ರೀಪನ್ನು ಕೀಳುವುದೇನೂ ಬೇಡ. ಅದರ ಮುಖದ ಒಂದು ತುದಿಗೆ ಕಾಗದದ ಚೂರು ಅಂಟಿಸುತ್ತಾ ಸರಿಪಡಿಸಿ.

ನಾಲ್ಕು ಕಾಲೂ ಒಂದೇ ಅಳತೆ ಬರಬೇಕಲ್ವಾ? ಸೀಳಿನಿಂದ ಬೇಕಾದಷ್ಟು ದೂರದಲ್ಲಿ ಒಂದು ಮರದ ಚೂರನ್ನು ದೊಡ್ಡ ಬೈಂಡರ್ ಕ್ಲಿಪ್‌ನಿಂದ ರೀಪಿಗೆ ಕಚ್ಚಿಸಿ. ಕಡ್ಡಿಯ ತುದಿ ಅದಕ್ಕೆ ತಾಗಿಸಿ ಕೊಯ್ಯುತ್ತಾ ಹೋಗಿ. ಪ್ರತಿ ಸಲ ಅಳೆಯುವುದಕ್ಕಿಂತ ಇದೇ ಜಾಸ್ತಿ ನಿಖರ.

ತುದಿ ನಯ ಮಾಡಲು ಐಸ್‌ಕ್ರೀಂ ಕಡ್ಡಿಗಳಿಗೆ 120, 240, 400 ನಂಬರಿನ ಉಜ್ಜುಕಾಗದ ಅಂಟಿಸಿಟ್ಟುಕೊಳ್ಳಿ. ಕಡ್ಡಿಯ ಹಿಂಬದಿಗೆ ನಂಬರ್ ಬರೆಯಿರಿ, ಸವೆದ ಮೇಲೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ತೂತು ಕೊರೆಯುವುದಿದ್ದರೆ ಡ್ರಿಲ್ ಬಿಟ್‌ಗೆ ಬೇಕಾದ ಆಳದಲ್ಲಿ ಬಾವುಟದ ಹಾಗೆ ಟೇಪ್ ಸುತ್ತಿ. ಬಾವುಟ ಮರದ ಪುಡಿಯನ್ನು ಗುಡಿಸಲು ಶುರುಮಾಡಿದ ಕೂಡಲೇ ನಿಲ್ಲಿಸಿ.