ಎರಡನೇ ಬೇಸ್ ಗಿಟಾರ್ ಆರಿಸೋಕೆ ನನಗೆ ಒಂಬತ್ತು ತಿಂಗಳು ಹಿಡಿಯಿತು

"ನಿನ್ನ ಬೇಸ್ ಇದೆ ಅಂತ ಗೊತ್ತಾಗುತ್ತೆ ಕಣೋ, ಆದ್ರೆ ಏನು ನುಡಿಸ್ತಿದ್ದೀಯ ಅಂತ ಗೊತ್ತಾಗಲ್ಲ." ಪ್ರಾಕ್ಟೀಸ್ ಮುಗಿಸಿ ಕೇಬಲ್ ಸುತ್ತುತ್ತಿದ್ದಾಗ ನಮ್ಮ ಡ್ರಮ್ಮರ್ ಹೀಗಂದ. ನನಗೆ ಸಿಟ್ಟು ಬಂತು. ಮನೆಗೆ ಹೋಗಿ ಅವತ್ತಿನ ರೆಕಾರ್ಡಿಂಗ್ ಹಾಕಿ ಕೇಳಿದೆ, ಅವನು ಹೇಳಿದ್ದು ಸರಿಯಾಗಿತ್ತು. ಕೆಳಗೆ ಏನೋ ಗುಂ ಗುಂ ಅಂತಿತ್ತು, ಅಷ್ಟೇ.

ನನ್ನ ಮೊದಲ ಬೇಸ್ ಪ್ರಿಸಿಷನ್ ಮಾದರಿಯದು. ಫೆಂಡರ್ ಕಂಪನಿ 1951ರಲ್ಲಿ ತಂದ ಬೇಸ್, 1957ರಲ್ಲಿ ಅದಕ್ಕೆ ಎರಡು ತುಂಡಿನ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡೋ ಭಾಗ) ಬಂತು, ಅವತ್ತಿನಿಂದ ಆ ವಿನ್ಯಾಸ ಹೆಚ್ಚು ಬದಲಾಗಿಲ್ಲ. ಒಂದೇ ಪಿಕಪ್, ಒಂದು ವಾಲ್ಯೂಮ್, ಒಂದು ಟೋನ್. ಅದರ ಮೇಲೆ ನಾನು ನಾಲ್ಕು ವರ್ಷದಿಂದ ಬದಲಾಯಿಸದ ಫ್ಲಾಟ್‌ವೌಂಡ್ ತಂತಿ, ಅಂದರೆ ಮೇಲ್ಮೈ ಸಪಾಟಾಗಿ ನುಣ್ಣಗಿರೋ ತಂತಿ, ಹಾಕಿಕೊಂಡಿದ್ದೆ. ಹಳೇ ಸೋಲ್, ಹಳೇ ಸಿನಿಮಾ ಹಾಡು, ನಿಧಾನದ ಬ್ಲೂಸ್, ಇದಕ್ಕೆಲ್ಲ ಅದರಷ್ಟು ಚೆನ್ನಾಗಿ ಕೂರೋ ಸದ್ದು ಇನ್ನೊಂದಿಲ್ಲ. ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅಷ್ಟೊಂದು ಹಾಡುಗಳನ್ನು ನುಡಿಸಿದ್ದು ಇಂಥದ್ದೇ ಬೇಸ್, ಇಂಥದ್ದೇ ತಂತಿ ಇಟ್ಟುಕೊಂಡು. ಆದರೆ ನಮ್ಮ ತಂಡ ಬೇರೆ ಕಡೆ ಹೊರಟಿತ್ತು. ಗಿಟಾರಿಸ್ಟ್ ತಂತಿಗಳನ್ನು ಕೆಳಗಿಳಿಸಿ ಟ್ಯೂನ್ ಮಾಡೋಕೆ ಶುರು ಮಾಡಿದ, ಕೀಬೋರ್ಡ್ ನುಡಿಸೋಳು ಎಡಗೈಯಲ್ಲಿ ಸಿಂಥ್ ಬೇಸ್ ಒತ್ತುತ್ತಿದ್ದಳು. ಇವರಿಬ್ಬರ ನಡುವೆ ನನ್ನ ದಪ್ಪ ಮೆತ್ತನೆ ಸದ್ದು ಒದ್ದೆ ಕಂಬಳಿ ಥರ ಬಿದ್ದಿರುತ್ತಿತ್ತು.

ಸರಿ, "ಮಾಡರ್ನ್ ಸೌಂಡ್" ಇರೋ ಇನ್ನೊಂದು ಬೇಸ್ ಬೇಕು ಅಂದುಕೊಂಡೆ. ಇಲ್ಲೇ ನಾನು ಮೊದಲು ಎಡವಿದ್ದು. ಮಾಡರ್ನ್ ಅಂದರೆ ಏನು ಅಂತ ಯಾರಾದರೂ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ನನಗೆ ಇಷ್ಟವಾದ ಹತ್ತು ಹನ್ನೆರಡು ಹಾಡು ಹಾಕಿಕೊಂಡು, ಬೇಸ್ ಮಾತ್ರ ಗಮನಿಸುತ್ತಾ, "ಮಾಡರ್ನ್" ಅನ್ನೋ ಪದ ಬಳಸದೆ ಕೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದೆ. ಬೆರಳು ತಂತಿಗೆ ತಾಗೋ ಕ್ಷಣದ ಟಕ್ ಅನ್ನೋ ಸದ್ದು ಕೇಳುತ್ತದೆ. ಕೆಳಗಿನ ಸ್ವರ ಹರಡಿಕೊಳ್ಳಲ್ಲ, ಬಿಗಿಯಾಗಿರುತ್ತದೆ. ನೆಕ್ಕಿನ ಮೇಲೆ ಎಲ್ಲಿ ನುಡಿಸಿದರೂ ಜೋರು ಒಂದೇ ಸಮ. ಮತ್ತೆ ಕೆಲವು ಹಾಡಲ್ಲಿ ನನ್ನ ಬೇಸಿನ ಕೊನೇ ತಂತಿಗಿಂತ ಕೆಳಗಿನ ಸ್ವರಗಳಿವೆ. ಇಷ್ಟೇ. ಆ ಹಾಳೆ ಇಲ್ಲದಿದ್ದರೆ ನಾನು ಬಣ್ಣ ನೋಡಿ ಯಾವುದೋ ಒಂದನ್ನು ತಗೊಂಡಿರುತ್ತಿದ್ದೆ, ಖಂಡಿತ.

ಹಾಳೆಯ ಮೊದಲ ಸಾಲು ನೋಡಿದಾಗ, ಇದಕ್ಕೆ ಹೊಸ ಬೇಸ್ ಯಾಕೆ ಅನ್ನಿಸಿತು. ಫ್ಲಾಟ್‌ವೌಂಡ್ ತೆಗೆದು ಸ್ಟೇನ್‌ಲೆಸ್ ಸ್ಟೀಲಿನ ರೌಂಡ್‌ವೌಂಡ್ ತಂತಿ, ಅಂದರೆ ಮೇಲ್ಮೈ ಉಬ್ಬುತಗ್ಗಾಗಿರೋ ತಂತಿ, ಹಾಕಿದೆ. ಅದೇ ಬೇಸ್, ಅದೇ ಆಂಪ್, ಆದರೆ ಪಿಯಾನೋದ ಎಡತುದಿ ಬಾರಿಸಿದ ಹಾಗೆ ಒಂದು ಲೋಹದ ಅಂಚು ಬಂತು. ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು ಅಂದರೆ ಸುಳ್ಳಲ್ಲ. ಎರಡನೇ ಬೇಸ್ ತಗೊಳ್ಳೋ ಯೋಚನೆ ಇರೋರು ದಯವಿಟ್ಟು ಮೊದಲು ಇದನ್ನು ಮಾಡಿ, ಎರಡು ತಿಂಗಳು ನುಡಿಸಿ, ಆಮೇಲೂ ಏನು ಕಮ್ಮಿ ಅನ್ನಿಸುತ್ತೋ ಅದನ್ನು ಮಾತ್ರ ಹುಡುಕಿ. ನನಗೆ ಆಮೇಲೂ ಎರಡು ವಿಷಯ ಕಮ್ಮಿ ಅನ್ನಿಸಿತು: ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳನ್ನು ಕಟ್ಟೋ ತುದಿ) ಹತ್ತಿರದ ಪಿಕಪ್ಪಿನ ಗುರುಗುಟ್ಟೋ ಸದ್ದು, ಮತ್ತೆ ಕೆಳಗಿನ ಬಿ ತಂತಿ, ಅಂದರೆ ಐದನೇ ತಂತಿ.

ಪಿಕಪ್ ಎಲ್ಲಿದೆ ಅನ್ನೋದು ಎಷ್ಟು ಮುಖ್ಯ ಅಂತ ನನಗೆ ಅಲ್ಲಿವರೆಗೆ ಗೊತ್ತಿರಲಿಲ್ಲ. ತಂತಿ ಬ್ರಿಡ್ಜ್ ಹತ್ತಿರ ಕಮ್ಮಿ ಅಲ್ಲಾಡುತ್ತದೆ, ಅಲ್ಲಿ ಮೂಲ ಸ್ವರದ ಪಾಲು ಸಣ್ಣದು, ಅದರ ಜೊತೆಗೇ ಹುಟ್ಟೋ ಮೇಲಿನ ಸ್ವರಗಳ, ಅಂದರೆ ಹಾರ್ಮೋನಿಕ್‌ಗಳ, ಪಾಲು ದೊಡ್ಡದು. ಅದಕ್ಕೇ ಅಲ್ಲಿನ ಪಿಕಪ್ ತೆಳ್ಳಗೆ, ಬಿಗಿಯಾಗಿ, ಸ್ಪಷ್ಟವಾಗಿ ಕೇಳುತ್ತದೆ. ಪ್ರಿಸಿಷನ್‌ನಲ್ಲಿ ಆ ಜಾಗದಲ್ಲಿ ಬರೀ ಮರ ಇದೆ. ನೀವೇ ಪರೀಕ್ಷೆ ಮಾಡಬಹುದು, ಬಲಗೈಯನ್ನು ಬ್ರಿಡ್ಜ್ ಕಡೆ ಸರಿಸಿ ನುಡಿಸಿದರೆ ಆ ಸದ್ದಿನ ಒಂದು ನೆರಳು ಸಿಗುತ್ತದೆ, ಆದರೆ ನೆರಳು ಮಾತ್ರ.

ಜಾಝ್ ಬೇಸ್ ಮಾದರಿ ನೋಡಿದೆ. 1960ರಲ್ಲಿ ಬಂದದ್ದು, ಎರಡು ಪಿಕಪ್. ನಿಜ ಹೇಳಬೇಕಂದರೆ ಕೈಗೆ ತುಂಬಾ ಹಿಡಿಸಿತು. ನಟ್ (ನೆಕ್ಕಿನ ತುದಿಯಲ್ಲಿ ತಂತಿ ಕೂರೋ ಪಟ್ಟಿ) ಹತ್ತಿರ ನೆಕ್ ಸುಮಾರು 38 ಮಿಲಿಮೀಟರ್ ಅಗಲ, ನನ್ನದಕ್ಕಿಂತ ಸಪೂರ. ಎರಡೂ ಪಿಕಪ್ ಪೂರ್ತಿ ತೆರೆದರೆ ನಡುವಿನ ಕೆಲವು ಕಂಪನಗಳು ಒಂದನ್ನೊಂದು ತಿಂದುಹಾಕುತ್ತವೆ, ಸ್ಲ್ಯಾಪ್‌ಗೆ, ಅಂದರೆ ಹೆಬ್ಬೆರಳಿಂದ ತಂತಿಗೆ ಹೊಡೆದು ನುಡಿಸೋದಕ್ಕೆ, ಬಹಳ ಚಂದದ ಸದ್ದು ಬರುತ್ತದೆ. ಆದರೆ ನನಗೆ ಬೇಕಾದ ಬ್ರಿಡ್ಜ್ ಪಿಕಪ್ ಒಂದನ್ನೇ ತೆರೆದರೆ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್) ಆದ್ದರಿಂದ ಗುಂಯ್ ಅನ್ನೋ ಹಮ್ ಬರುತ್ತದೆ, ಎರಡನ್ನೂ ಸಮನಾಗಿ ತೆರೆದಾಗ ಮಾತ್ರ ಹೋಗುತ್ತದೆ. ನಮ್ಮ ಪ್ರಾಕ್ಟೀಸ್ ರೂಮಿನ ಟ್ಯೂಬ್‌ಲೈಟ್ ಕೆಳಗೆ ಅದು ಜೇನುಗೂಡೇ. ಹಾಗಾಗಿ ಬ್ರಿಡ್ಜ್ ಕಡೆ ಹಮ್‌ಬಕರ್, ಅಂದರೆ ಎರಡು ಸುರುಳಿಯಿಂದ ಹಮ್ ತಡೆಯೋ ಪಿಕಪ್, ಇರಬೇಕು ಅಂತ ತೀರ್ಮಾನಿಸಿದೆ. ಮ್ಯೂಸಿಕ್ ಮ್ಯಾನ್ 1976ರಲ್ಲಿ ಸ್ಟಿಂಗ್‌ರೇ ತಂದಾಗ ಒಂದೇ ದೊಡ್ಡ ಹಮ್‌ಬಕರನ್ನು ಬ್ರಿಡ್ಜ್ ಕಡೆ ಇಟ್ಟು, ಒಳಗೆ ಬ್ಯಾಟರಿಯಿಂದ ನಡೆಯೋ ಪ್ರೀಆಂಪ್ (ಸದ್ದು ಆಂಪ್‌ಗೆ ಹೋಗೋ ಮೊದಲೇ ಅದನ್ನು ಬಲಪಡಿಸೋ ಸರ್ಕ್ಯೂಟ್) ಸೇರಿಸಿತು. ಇವತ್ತು ನಾವು ಮಾಡರ್ನ್ ಅನ್ನೋ ಸದ್ದಿನ ಬೇರು ಅರ್ಧ ಶತಮಾನ ಹಳೇದು, ತಮಾಷೆ ಅಲ್ವಾ?

ಇನ್ನು ಐದನೇ ತಂತಿ. ನಾಲ್ಕು ತಂತಿಯ ಬೇಸಿನ ಕೆಳಗಿನ ಇ ಸುಮಾರು 41 ಹರ್ಟ್ಜ್, ಬಿ ಸುಮಾರು 31. ಅಷ್ಟು ಕೆಳಗೆ ಹೋದಾಗ ತಂತಿ ಸಡಿಲ ಹಗ್ಗದ ಹಾಗೆ ಆಗುತ್ತದೆ, ಸ್ವರದ ಬದಲು ಬರೀ ನಡುಕ. ಇದನ್ನು ಸರಿಮಾಡೋಕೆ ಕೆಲವರು ಸ್ಕೇಲ್ ಉದ್ದವನ್ನು, ಅಂದರೆ ನಟ್‌ನಿಂದ ಬ್ರಿಡ್ಜ್‌ವರೆಗಿನ ತಂತಿಯ ಉದ್ದವನ್ನು, 34 ಇಂಚಿನಿಂದ 35ಕ್ಕೆ ಏರಿಸುತ್ತಾರೆ. ಅದೇ ತಂತಿ, ಅದೇ ಸ್ವರ ಇಟ್ಟುಕೊಂಡರೆ ಬಿಗಿ ಸುಮಾರು ನೂರಕ್ಕೆ ಆರರಷ್ಟು ಹೆಚ್ಚಾಗುತ್ತದೆ. ಇನ್ನು ಕೆಲವರು ನೆಕ್ ಮೇಲಿನ ಲೋಹದ ಪಟ್ಟಿಗಳಾದ ಫ್ರೆಟ್‌ಗಳನ್ನೇ ಬೀಸಣಿಗೆ ಥರ ಓರೆ ಇಡುತ್ತಾರೆ, ದಪ್ಪ ತಂತಿ ಉದ್ದ, ಸಣ್ಣ ತಂತಿ ಗಿಡ್ಡ. ನೋಡಿದರೆ ತಲೆ ತಿರುಗುತ್ತದೆ, ನುಡಿಸಿದರೆ ಹತ್ತು ನಿಮಿಷದಲ್ಲಿ ಮರೆತೇ ಹೋಗುತ್ತದೆ. 35 ಇಂಚಿನದರಲ್ಲಿ ಒಂದನೇ ಫ್ರೆಟ್‌ನಿಂದ ನಾಲ್ಕನೇ ಫ್ರೆಟ್‌ಗೆ ಇರೋ ದೂರ ಸುಮಾರು 4 ಮಿಲಿಮೀಟರ್ ಜಾಸ್ತಿ. ಕಾಗದದ ಮೇಲೆ ಏನೂ ಅಲ್ಲ, ಆದರೆ ನನ್ನ ಕಿರುಬೆರಳು ಗಿಡ್ಡ, ಅರ್ಧ ಗಂಟೆಯಲ್ಲೇ ಮಣಿಕಟ್ಟು ಹಿಡಿದುಕೊಳ್ಳುತ್ತಿತ್ತು.

ಬಿ ತಂತಿ ಚೆನ್ನಾಗಿದೆಯಾ ಅಂತ ನೋಡೋಕೆ ಒಂದು ಸುಲಭ ಉಪಾಯ ಇದೆ. ಬಿ ತಂತಿಯ ಐದನೇ ಫ್ರೆಟ್ ಒತ್ತಿ ನುಡಿಸಿ, ಆಮೇಲೆ ಇ ತಂತಿಯನ್ನು ಖಾಲಿ ನುಡಿಸಿ. ಎರಡೂ ಒಂದೇ ಸ್ವರ. ಒಂದೇ ವಾದ್ಯದಿಂದ ಬಂದ ಹಾಗೆ ಕೇಳಿಸಿದರೆ ಬೇಸ್ ಒಳ್ಳೇದು, ಬೇರೆ ಬೇರೆ ಮನೆಯಿಂದ ಬಂದ ಹಾಗೆ ಕೇಳಿಸಿದರೆ ಕೆಳಗಿಟ್ಟು ಎದ್ದು ಬನ್ನಿ. ನಾನು ಹೀಗೆ ಎದ್ದು ಬಂದ ಬೇಸ್‌ಗಳೇ ಐದಾರು. ಅದರಲ್ಲಿ 35 ಇಂಚಿನವೂ ಇದ್ದವು, ಚೆನ್ನಾಗಿದ್ದವುಗಳಲ್ಲಿ 34ರದ್ದೂ ಇದ್ದವು. ಬರೀ ಉದ್ದ ನೋಡಿ ನಿರ್ಧರಿಸೋಕೆ ಆಗಲ್ಲ ಅಂತ ಆಗ ಅರ್ಥವಾಯಿತು. ನೆಕ್ ಎಷ್ಟು ಗಟ್ಟಿ, ನೆಕ್ ಮತ್ತು ಬಾಡಿ ಸೇರೋ ಜಾಗ ಎಷ್ಟು ಬಿಗಿ, ತಂತಿ ಎಷ್ಟು ಹೊಸದು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಈಗ ನನ್ನ ದೊಡ್ಡ ತಪ್ಪಿನ ಕಥೆ. ಒಂದು ಐದು ತಂತಿಯ ಬೇಸ್ ಕೈಗೆ ಸಿಕ್ಕಿತು. ಕಂಪನಿ ಹೆಸರು ಬೇಡ. ಎರಡು ಹಮ್‌ಬಕರ್, ಮೂರು ಬ್ಯಾಂಡಿನ ಈಕ್ಯೂ (ಬೇಸ್, ಮಿಡ್, ಟ್ರೆಬಲ್, ಅಂದರೆ ಕೆಳಗಿನ, ನಡುವಿನ, ಮೇಲಿನ ಸದ್ದನ್ನು ಏರಿಸಿ ಇಳಿಸೋ ನಾಬ್‌ಗಳು), ಕನ್ನಡಿ ಥರ ಪಾಲಿಶ್. ಹೆಡ್‌ಫೋನಿನಲ್ಲಿ ಕೇಳುತ್ತಾ ಬೇಸ್ ನಾಬ್ ಏರಿಸಿದೆ, ಟ್ರೆಬಲ್ ಏರಿಸಿದೆ, ಮಿಡ್ ಇಳಿಸಿದೆ. ಆಹಾ! ಕೆಳಗೆ ಗುಡುಗು, ಮೇಲೆ ಗಾಜು. ಹುಡುಕಾಟ ಮುಗಿಯಿತು ಅಂದುಕೊಂಡೆ. ಪುಣ್ಯಕ್ಕೆ ಎರಡು ದಿನ ಇಟ್ಟುಕೊಂಡು ನೋಡೋಕೆ ಬಿಟ್ಟರು. ಪ್ರಾಕ್ಟೀಸಿಗೆ ತಗೊಂಡು ಹೋದೆ. ಡ್ರಮ್ಸ್ ಶುರುವಾದ ಕೂಡಲೇ ನಾನು ಮಾಯ! ಕೆಳಗಿನ ಗುಡುಗನ್ನು ಕಿಕ್ ಡ್ರಮ್ ನುಂಗಿತು, ಮೇಲಿನ ಗಾಜನ್ನು ಸಿಂಬಲ್ ನುಂಗಿತು. ನಡುವೆ ನಾನೇ ಕೈಯಾರೆ ತೋಡಿದ ಹಳ್ಳದಲ್ಲಿ ಗಿಟಾರ್ ಆರಾಮಾಗಿ ಕೂತಿತ್ತು. ಡ್ರಮ್ಮರ್ ನನ್ನ ಕಡೆ ನೋಡಿ ಏನೂ ಹೇಳಲಿಲ್ಲ, ಅದೇ ಹೆಚ್ಚು ನೋವಾಯಿತು. ಸಾಲದ್ದಕ್ಕೆ ನಿಂತುಕೊಂಡಾಗ ನೆಕ್ ನೆಲದ ಕಡೆ ಜಗ್ಗುತ್ತಿತ್ತು. ಎಡಗೈ ಅರ್ಧ ಕೆಲಸ ನುಡಿಸೋದು, ಇನ್ನರ್ಧ ಅದನ್ನು ಎತ್ತಿ ಹಿಡಿಯೋದು. ಕೂತು ನೋಡಿದ್ದಾಗ ಇದು ತಿಳಿದೇ ಇರಲಿಲ್ಲ.

ವಾಪಸ್ ಕೊಡೋ ಮುಂಚೆ ಸುಮ್ನೆ ಒಂದು ಪ್ರಯತ್ನ ಮಾಡಿದೆ. ಎಲ್ಲ ನಾಬ್ ನಡುವಿಗೆ ತಂದು, ಮಿಡ್ ಮಾತ್ರ ಸ್ವಲ್ಪ ಏರಿಸಿದೆ. ಅದರಲ್ಲಿ ಮಿಡ್‌ನ ಜಾಗ ಆರಿಸೋ ಸಣ್ಣ ಸ್ವಿಚ್ ಇತ್ತು, 800 ಹರ್ಟ್ಜ್ ಕಡೆ ಹಾಕಿದೆ. ಒಬ್ಬನೇ ನುಡಿಸಿದಾಗ ಮೂಗಲ್ಲಿ ಮಾತಾಡಿದ ಹಾಗೆ ಅಸಹ್ಯವಾಗಿತ್ತು. ತಂಡದ ಜೊತೆ ನುಡಿಸಿದಾಗ ಪ್ರತಿಯೊಂದು ಸ್ವರವೂ ಬಿಡಿ ಬಿಡಿಯಾಗಿ ಕೇಳಿತು. ನಾನು ಇಷ್ಟು ದಿನ ಟ್ರೆಬಲ್‌ನಲ್ಲಿ ಹುಡುಕಿದ ಸ್ಪಷ್ಟತೆ ಮಿಡ್‌ನಲ್ಲಿ ಕೂತಿತ್ತು. ಆ ಬೇಸ್ ವಾಪಸ್ ಹೋಯಿತು, ಆದರೆ ಅದು ಕಲಿಸಿದ ಪಾಠಕ್ಕೆ ನಾನು ಋಣಿ.

ಅಲ್ಲಿಂದ ಮುಂದೆ ನೋಡೋ ರೀತಿಯೇ ಬೇರೆಯಾಯಿತು. ನನ್ನದೇ ಕೇಬಲ್, ನನ್ನದೇ ಸ್ಟ್ರಾಪ್ ಒಯ್ಯುತ್ತಿದ್ದೆ. ಮೊದಲು ಆಂಪ್ ಇಲ್ಲದೆ, ಬಾಡಿಗೆ ಗಲ್ಲ ಒತ್ತಿಕೊಂಡು ನುಡಿಸುತ್ತಿದ್ದೆ. ಆಮೇಲೆ ನಿಂತು, ಎರಡೂ ಕೈ ಬಿಟ್ಟು, ನೆಕ್ ಇದ್ದಲ್ಲೇ ಇರುತ್ತಾ ನೋಡುತ್ತಿದ್ದೆ. ಎಲ್ಲಕ್ಕಿಂತ ಸಣ್ಣ ತಂತಿಯ ಐದರಿಂದ ಏಳನೇ ಫ್ರೆಟ್ ಆಸುಪಾಸು ಒಂದೊಂದೇ ಸ್ವರ ನುಡಿಸಿ ಎಷ್ಟು ಹೊತ್ತು ಉಳಿಯುತ್ತದೆ ಅಂತ ಕೇಳುತ್ತಿದ್ದೆ, ಯಾಕಂದರೆ ಬೋಲ್ಟ್ ಹಾಕಿದ ನೆಕ್‌ಗಳಲ್ಲಿ ಸ್ವರ ಪಟ್ಟನೆ ಸಾಯೋ ಜಾಗ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಕೊನೆಗೆ ಈಕ್ಯೂ ಎಲ್ಲ ನಡುವಿಗಿಟ್ಟು, ಫೋನಿನಲ್ಲಿದ್ದ ನಮ್ಮ ಡ್ರಮ್ಸ್ ಮತ್ತು ಗಿಟಾರ್ ರೆಕಾರ್ಡಿಂಗ್ ಹಾಕಿಕೊಂಡು ಅದರ ಜೊತೆ ನುಡಿಸುತ್ತಿದ್ದೆ. ಒಬ್ಬನೇ ನುಡಿಸಿ ತೀರ್ಮಾನ ಮಾಡೋದನ್ನು ಪೂರ್ತಿ ಬಿಟ್ಟೆ.

ಕೊನೆಗೆ ಆರಿಸಿದ್ದು 34 ಇಂಚಿನ ಐದು ತಂತಿಯ ಬೇಸ್. ಎರಡು ಹಮ್‌ಬಕರ್, ಮಿಡ್ ಬದಲಾಯಿಸೋಕೆ ಆಗೋ ಆಕ್ಟಿವ್ ಪ್ರೀಆಂಪ್, ಬ್ರಿಡ್ಜ್‌ನಲ್ಲಿ ತಂತಿಗಳ ಅಂತರ 18 ಮಿಲಿಮೀಟರ್. ತೂಕ ನಾಲ್ಕು ಕಿಲೋ ಒಳಗೆ. ನೋಡೋಕೆ ಸಾಧಾರಣ, ಕಂದು ಮರ, ಹೊಳಪಿಲ್ಲ. ನಾನು ಹಟ ಹಿಡಿದು ಕೇಳಿದ ಒಂದೇ ವಿಷಯ ಅಂದರೆ ಪ್ಯಾಸಿವ್ ಸ್ವಿಚ್, ಬ್ಯಾಟರಿ ಇಲ್ಲದೆಯೂ ನುಡಿಸೋಕೆ ಬಿಡೋ ಸ್ವಿಚ್. ಎಲ್ಲ ಆಕ್ಟಿವ್ ಬೇಸಿನಲ್ಲೂ ಅದು ಇರಲ್ಲ, ಇಲ್ಲದಿದ್ದರೆ ಬ್ಯಾಟರಿ ಸತ್ತ ಕೂಡಲೇ ಬೇಸೂ ಸತ್ತಂತೆ. ಇದಕ್ಕೆ ಬೆಲೆ ಎರಡೇ ತಿಂಗಳಲ್ಲಿ ಸಿಕ್ಕಿತು. ಕೇಬಲ್ ಚುಚ್ಚಿದಷ್ಟು ಹೊತ್ತೂ ಪ್ರೀಆಂಪ್ ಬ್ಯಾಟರಿ ತಿನ್ನುತ್ತದೆ, ನುಡಿಸಿದರೂ ನುಡಿಸದಿದ್ದರೂ. ನಾನು ಹಳೇ ಅಭ್ಯಾಸದಲ್ಲಿ ವಾರಗಟ್ಟಲೆ ಕೇಬಲ್ ಹಾಗೇ ಬಿಟ್ಟಿದ್ದೆ. ಒಂದು ಹಾಡಿನ ನಡುವೆ ಸದ್ದು ಹರಕು ಸ್ಪೀಕರ್ ಥರ ಆಯಿತು, ಸ್ವಿಚ್ ತಿರುಗಿಸಿ ಹೇಗೋ ಹಾಡು ಮುಗಿಸಿದೆ. ಈಗ ಬ್ಯಾಗಿನಲ್ಲಿ ಒಂದು ಹೊಸ 9 ವೋಲ್ಟ್ ಬ್ಯಾಟರಿ ಯಾವಾಗಲೂ ಇರುತ್ತದೆ.

ಆಕ್ಟಿವ್ ಬೇಸ್ ಅಂದರೆ ಸದ್ದು ತಾನಾಗೇ ಹೊಸದಾಗುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ, ನಾನೂ ಅಂದುಕೊಂಡಿದ್ದೆ. ಅದು ಮಾಡೋದು ಮುಖ್ಯವಾಗಿ ಎರಡು ಕೆಲಸ. ಪ್ಯಾಸಿವ್ ಟೋನ್ ನಾಬ್ ಬರೀ ಕಳೆಯುತ್ತದೆ, ಇದು ಕೂಡಿಸೋಕೂ ಆಗುತ್ತದೆ. ಮತ್ತೆ ಉದ್ದ ಕೇಬಲ್ಲಿನಲ್ಲಿ ಮೇಲಿನ ಸದ್ದು ಸೋರಿಹೋಗೋದನ್ನು ತಡೆಯುತ್ತದೆ. ಉಳಿದದ್ದು ಪಿಕಪ್, ತಂತಿ, ಬೆರಳು.

ಬೆರಳಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ಇದನ್ನು ಯಾರೂ ಮೊದಲೇ ಎಚ್ಚರಿಸಿರಲಿಲ್ಲ. ಐದನೇ ತಂತಿ ಬಂದ ಮೇಲೆ ಮೊದಲ ಮೂರು ವಾರ ನಾನು ಇ ಅಂದುಕೊಂಡು ಬಿ ನುಡಿಸಿದೆ. ಬಿ ತಂತಿ ಮುಟ್ಟದಿದ್ದರೂ ತಾನೇ ಗುಂಯ್ ಅನ್ನುತ್ತಿರುತ್ತದೆ, ಅದನ್ನು ಸುಮ್ಮನಿರಿಸೋಕೆ ಬಲಗೈ ಹೆಬ್ಬೆರಳನ್ನು ಪಿಕಪ್ ಮೇಲೆ ಊರೋ ಬದಲು ತಂತಿಗಳ ಮೇಲೇ ಜಾರಿಸಿಕೊಂಡು ಹೋಗೋದು ಕಲಿಯಬೇಕಾಯಿತು. ಫ್ಲಾಟ್‌ವೌಂಡ್‌ನಲ್ಲಿ ಮುಚ್ಚಿಹೋಗುತ್ತಿದ್ದ ತಪ್ಪುಗಳೆಲ್ಲ ಈಗ ಬಯಲಿಗೆ ಬಂದವು. ಎಡಗೈ ಸರಿಯುವಾಗಿನ ಕೀಚಲು, ಅರ್ಧಂಬರ್ಧ ಒತ್ತಿದ ಸ್ವರ, ಎಲ್ಲ.

ಪ್ರಿಸಿಷನ್‌ಗೆ ಮತ್ತೆ ಫ್ಲಾಟ್‌ವೌಂಡ್ ಹಾಕಿದ್ದೇನೆ, ನಿಧಾನದ ಹಾಡು ಬಂದಾಗ ಅದನ್ನೇ ಎತ್ತಿಕೊಳ್ಳುತ್ತೇನೆ. ಹೊಸದನ್ನು ತಗೊಂಡು ಹೋದ ಮೊದಲ ಪ್ರಾಕ್ಟೀಸ್ ಮುಗಿದಾಗ ಡ್ರಮ್ಮರ್ ಕೋಲುಗಳನ್ನು ಚೀಲಕ್ಕೆ ತುರುಕುತ್ತಾ, "ಈಗ ಏನು ನುಡಿಸ್ತಿದ್ದೀಯ ಅಂತ ಗೊತ್ತಾಗುತ್ತೆ. ಎರಡನೇ ಹಾಡಿನ ನಡುವೆ ಬರೋ ಬ್ರಿಡ್ಜ್ ಭಾಗನ ತಪ್ಪು ನುಡಿಸ್ತಿದ್ದೀಯ, ಯಾವಾಗಿಂದ?" ಅಂದ.

ಮೊದಲಿಂದಲೂ.